ಇಲ್ಲದ ಹಕ್ಕನ್ನು ಮಾರಲು ಬರುವುದಿಲ್ಲ
(ಆಸ್ತಿ ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ಲ್ಯಾಟಿನ್ ಮಾತುಗಳು)

ನಮ್ಮ ಸ್ವಸಹಾಯ ಸಂಘಗಳ ಸದಸ್ಯರು ಹತ್ತು-ಹದಿನೈದು ವರ್ಷ ಉಳಿತಾಯ ಮಾಡಿ, ಸಾಲದ್ದಕ್ಕೆ ಒಡವೆ ಅಡವಿಟ್ಟು, ಒಂದು ಸೈಟೋ ಅರ್ಧ ಎಕರೆ ಜಮೀನೋ ಕೊಳ್ಳುತ್ತಾರೆ. ಆಮೇಲೆ ಕೋರ್ಟಿನಿಂದ ನೋಟಿಸ್ ಬಂದಾಗ ವಕೀಲರು "ಟೈಟಲ್‌ನಲ್ಲಿ ದೋಷ ಇದೆ" ಅಂತ ಹೇಳಿ, ಜೊತೆಗೆ ಒಂದೆರಡು ಲ್ಯಾಟಿನ್ ಮಾತು ಸೇರಿಸುತ್ತಾರೆ. ಕೇಳಿದವರಿಗೆ ಅರ್ಥ ಆಗುವುದಿಲ್ಲ, ಕೇಳೋಕೆ ಸಂಕೋಚ. ನಿಜ ಹೇಳಬೇಕೆಂದರೆ ಈ ಮಾತುಗಳು ಕಷ್ಟದವಲ್ಲ. ಹಳ್ಳಿಯ ಹಿರಿಯರು ಹೇಳುವ ನ್ಯಾಯವೇ ಅವುಗಳಲ್ಲಿದೆ. ಒಂದೊಂದಾಗಿ ನೋಡೋಣ.

1. ನೆಮೋ ದಾಟ್ ಕ್ವಾಡ್ ನಾನ್ ಹಾಬೆಟ್

ಅಂದರೆ, ತನ್ನಲ್ಲಿ ಇಲ್ಲದ್ದನ್ನು ಯಾರೂ ಕೊಡಲಾರರು. ರೋಮಿನ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಹೇಳಿದ ಈ ತತ್ವ 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಸೇರಿತು. ಇಂದಿಗೂ ನಮ್ಮ ದೇಶದ ಆಸ್ತಿ ಕಾನೂನಿನ ಬುಡದಲ್ಲಿ ಇರುವುದು ಇದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಕ್ರೈಸ್ತ ರೈತ ಉಯಿಲು ಬರೆಯದೆ ತೀರಿಕೊಂಡ. ಅವನ ಸ್ವಂತ ಜಮೀನು 6 ಎಕರೆ. ಹೆಂಡತಿ ಇದ್ದಾಳೆ, ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂರರಲ್ಲಿ ಒಂದು ಪಾಲು, ಅಂದರೆ 2 ಎಕರೆ ತಾಯಿಗೆ. ಉಳಿದ 4 ಎಕರೆ ನಾಲ್ಕು ಮಕ್ಕಳಿಗೆ ಸಮನಾಗಿ, ತಲಾ 1 ಎಕರೆ. ಆದರೆ ಪಹಣಿಯಲ್ಲಿ ದೊಡ್ಡ ಮಗನ ಹೆಸರು ಮಾತ್ರ ಕೂತಿದೆ ಅಂತಿಟ್ಟುಕೊಳ್ಳಿ. ಅವನು ಆರೂ ಎಕರೆ ಮಾರಿದರೆ, ಕೊಂಡವನಿಗೆ ನ್ಯಾಯವಾಗಿ ಸಿಗುವುದು ಅವನ ಪಾಲಿನ 1 ಎಕರೆ ಮಾತ್ರ. ತಾಯಿ, ತಂಗಿಯರು, ತಮ್ಮ ಸಹಿ ಹಾಕದ ಪತ್ರ ಅವರ ಹಕ್ಕನ್ನು ಕಸಿಯುವುದಿಲ್ಲ.

ಪಹಣಿ, ಖಾತೆ, ಮ್ಯುಟೇಶನ್ ಇವು ಕಂದಾಯದ ದಾಖಲೆಗಳು. ಇವುಗಳಿಂದ ಮಾತ್ರ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅನೇಕ ಸಲ ಹೇಳಿದೆ. ಹಿಂದೂ ಕುಟುಂಬಗಳಲ್ಲೂ ಈ ಎಚ್ಚರ ಬೇಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. "ಹೆಣ್ಮಕ್ಕಳು ಮದುವೆಯಾಗಿ ಹೋಗಿದ್ದಾರೆ, ಅವರೇನೂ ಕೇಳಲ್ಲ" ಅನ್ನುವ ಮಾತನ್ನು ನಂಬಿ ಹಣ ಕೊಡಬೇಡಿ.

2. ವಿಟಿಯಂ ರಿಯಾಲೆ

ಇದು ಸ್ಕಾಟ್ಲೆಂಡಿನ ಕಾನೂನಿನಲ್ಲಿ ಬಳಸುವ ಮಾತು. ವಸ್ತುವಿಗೇ ಅಂಟಿಕೊಂಡ ದೋಷ ಎಂದರ್ಥ. ಕದ್ದ ಹಸುವನ್ನು ಹತ್ತು ಸಂತೆ ದಾಟಿಸಿ ಮಾರಿದರೂ ಅದು ಕದ್ದ ಹಸುವೇ. ಕೊನೆಗೆ ಕೊಂಡವನು ಎಷ್ಟೇ ಪ್ರಾಮಾಣಿಕನಾಗಿರಲಿ, ನಿಜವಾದ ಒಡೆಯ ಬಂದು ಕೇಳಬಹುದು.

ನಮ್ಮ ಕೋರ್ಟುಗಳಲ್ಲಿ ಈ ಹೆಸರು ಅಷ್ಟಾಗಿ ಕೇಳುವುದಿಲ್ಲ. ಆದರೆ ಇಂಥ ದೋಷಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಇದು 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಅನುಮತಿ ಇಲ್ಲದ ಮಾರಾಟ ಅಸಿಂಧು. ಜಮೀನು ಮೂರು-ನಾಲ್ಕು ಕೈ ಬದಲಾಗಿದ್ದರೂ ಅಸಿಸ್ಟೆಂಟ್ ಕಮಿಷನರ್ ಅದನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಕೊಡಿಸಬಹುದು. ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಜಮೀನು ಕಳೆದುಕೊಂಡ ಬಡ ಕುಟುಂಬಕ್ಕೆ ಇದು ರಕ್ಷಣೆ. ತಿಳಿಯದೆ ಕೊಂಡವರಿಗೆ ಇದೇ ದೊಡ್ಡ ಹೊಡೆತ. ಆದ್ದರಿಂದ ಜಮೀನಿನ ಮೂಲ ಯಾವುದು, ಮಂಜೂರಾತಿಯೋ ಅಲ್ಲವೋ ಎಂದು ಮೊದಲು ವಿಚಾರಿಸಿ.

3. ಕೇವಿಯಟ್ ಎಂಪ್ಟರ್

ಕೊಳ್ಳೋರೇ ಹುಷಾರು! ಪರೀಕ್ಷೆ ಮಾಡಿ ಕೊಳ್ಳುವುದು ಕೊಳ್ಳುವವರ ಜವಾಬ್ದಾರಿ. ಹಾಗಂತ ಮಾರುವವರು ಏನು ಬೇಕಾದರೂ ಮುಚ್ಚಿಡಬಹುದು ಎಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವರು ಸಾಧಾರಣ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು.

ಆದರೆ ನೋಂದಾಯಿತ ಪತ್ರದಲ್ಲಿ ಇರುವ ಸಂಗತಿ ನಿಮಗೂ ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ. "ಅಡಮಾನ ಇರೋದು ನಂಗೆ ಗೊತ್ತಿರ್ಲಿಲ್ಲ ಸ್ವಾಮಿ" ಎಂದರೆ ನಡೆಯುವುದಿಲ್ಲ. ಇದಕ್ಕೇ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಬೇಕು ಅನ್ನುವುದು.

ಬೋನಾ ಫೈಡ್ ಅಂದರೆ ಸದ್ಭಾವನೆಯಿಂದ ಕೊಂಡವರು. ಅವರಿಗೆ ಕೆಲವು ಸಂದರ್ಭಗಳಲ್ಲಿ ಕಾನೂನಿನ ಆಸರೆ ಇದೆ. ಆದರೆ ಒಳ್ಳೆಯ ಮನಸ್ಸು ಇದ್ದರಷ್ಟೇ ಸಾಲದು, ವಿಚಾರಣೆ ಮಾಡಿದ್ದೆವು ಎಂದೂ ತೋರಿಸಬೇಕಾಗುತ್ತದೆ.

4. ಲಿಸ್ ಪೆಂಡೆನ್ಸ್

ದಾವೆ ನಡೆಯುತ್ತಿದೆ ಎಂದರ್ಥ. ಅದೇ ಕಾಯ್ದೆಯ 52ನೇ ಕಲಂನಲ್ಲಿ ಇದು ಇದೆ. ಆಸ್ತಿಯ ಹಕ್ಕಿನ ಬಗ್ಗೆ ಕೋರ್ಟಿನಲ್ಲಿ ಕೇಸ್ ಇರುವಾಗ ಅದನ್ನು ಕೊಂಡರೆ, ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರು. ಮಾರಿದವರು ಸೋತರೆ ನೀವೂ ಸೋತ ಹಾಗೆ. ನಿಮ್ಮನ್ನು ಕೇಸಿನಲ್ಲಿ ಸೇರಿಸದೆ ಇದ್ದರೂ, ಕೇಸಿನ ಸುದ್ದಿಯೇ ತಿಳಿಯದೆ ಇದ್ದರೂ ಅಷ್ಟೆ.

ಇಲ್ಲಿ ಒಂದು ಮಾತು ನೆನಪಿಡಿ. ಕೇಸ್ ಇದ್ದರೂ ಅದು ಇ.ಸಿ.ಯಲ್ಲಿ ಕಾಣದೆ ಇರಬಹುದು. ಅಕ್ಕಪಕ್ಕದ ಜಮೀನಿನವರನ್ನು ಕೇಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿಸಿ.

5. ಕ್ವಿ ಪ್ರಯರ್ ಎಸ್ಟ್ ಟೆಂಪೊರೆ, ಪೋಟಿಯರ್ ಎಸ್ಟ್ ಜ್ಯೂರೆ

ಕಾಲದಲ್ಲಿ ಮೊದಲಿನವನೇ ಹಕ್ಕಿನಲ್ಲಿ ಬಲವಂತ. ಒಂದೇ ಸೈಟನ್ನು ಇಬ್ಬರಿಗೆ ಮಾರಿದರೆ ಸಾಮಾನ್ಯವಾಗಿ ಮೊದಲು ಬರೆಸಿಕೊಂಡವರದ್ದೇ ಗಟ್ಟಿ. ಆದರೆ ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿ ಆಗಲೇಬೇಕು. ಬರೀ ಅಗ್ರಿಮೆಂಟ್, ಜಿ.ಪಿ.ಎ. ಹಿಡಿದುಕೊಂಡು "ನಾನೇ ಮೊದಲು" ಎಂದರೆ ಮಾಲೀಕರಾಗುವುದಿಲ್ಲ. ಜಿ.ಪಿ.ಎ. ಮೂಲಕ ಮಾಡುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ.

6. ನೆಕ್ ವಿ, ನೆಕ್ ಕ್ಲಾಮ್, ನೆಕ್ ಪ್ರಿಕೇರಿಯೊ

ಬಲವಂತದಿಂದಲ್ಲ, ಕದ್ದುಮುಚ್ಚಿ ಅಲ್ಲ, ಅಪ್ಪಣೆ ಪಡೆದೂ ಅಲ್ಲ. ಪ್ರತಿಕೂಲ ಸ್ವಾಧೀನದ ಪ್ರಶ್ನೆ ಬಂದಾಗ ಕೋರ್ಟ್ ಈ ಮೂರನ್ನೂ ನೋಡುತ್ತದೆ. ಖಾಸಗಿಯವರ ಆಸ್ತಿಯನ್ನು ಒಡೆಯನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ ಒಡೆಯ ಹಕ್ಕು ಕಳೆದುಕೊಳ್ಳಬಹುದು. ಸರ್ಕಾರಿ ಆಸ್ತಿಗೆ 30 ವರ್ಷ. "ಇರ್ಲಿ, ಉತ್ಕೊಂಡು ತಿನ್ನಿ" ಎಂದು ಒಡೆಯರು ಒಪ್ಪಿ ಬಿಟ್ಟುಕೊಟ್ಟಿದ್ದರೆ ಎಷ್ಟು ವರ್ಷ ಕಳೆದರೂ ಅಷ್ಟರಿಂದಲೇ ಹಕ್ಕು ಬರುವುದಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಜಾಗಕ್ಕೆ ಹೋಗಿ, ಅಲ್ಲಿ ಯಾರಿದ್ದಾರೆ, ಯಾವ ಆಧಾರದ ಮೇಲೆ ಇದ್ದಾರೆ ಎಂದು ಕಣ್ಣಾರೆ ನೋಡಿ ಬನ್ನಿ.

ನಾವು ಮಾಡಬೇಕಾದದ್ದೇನು?

* ಕನಿಷ್ಠ 30 ವರ್ಷದ ಇ.ಸಿ. ತೆಗೆಸಿ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ.
* ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮಾಡುವವರು ಯಾರು ಎಂದು ನೋಡಿ.
* ಮೂಲ ಪತ್ರದಿಂದ ಈವರೆಗಿನ ಎಲ್ಲ ಪತ್ರಗಳ ಕೊಂಡಿ ಎಲ್ಲಿಯೂ ತಪ್ಪಿಲ್ಲ ಎಂದು ಖಚಿತ ಮಾಡಿಕೊಳ್ಳಿ.
* ವಂಶವೃಕ್ಷ ಕೇಳಿ. ತಾಯಿ, ಅಕ್ಕ-ತಂಗಿಯರು ಸೇರಿ ಹಕ್ಕುಳ್ಳವರೆಲ್ಲರೂ ಸಹಿ ಹಾಕಲಿ. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ಕೋರ್ಟಿನ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ.
* ಅಡ್ವಾನ್ಸ್ ಕೊಡುವ ಮೊದಲೇ ಇದೆಲ್ಲ ಆಗಲಿ, ಕೊಟ್ಟ ಮೇಲಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಲ್ಯಾಟಿನ್ ಮಾತು ಬಾಯಿಪಾಠ ಮಾಡಬೇಕಾಗಿಲ್ಲ. "ಮಾರುವವರಿಗೆ ಇದನ್ನು ಮಾರುವ ಹಕ್ಕು ಇದೆಯೇ? ಆ ಹಕ್ಕು ಅವರಿಗೆ ಎಲ್ಲಿಂದ ಬಂತು?" ಈ ಎರಡು ಪ್ರಶ್ನೆ ಕೇಳುವ ಧೈರ್ಯ ಮಾಡಿದರೆ ಸಾಕು. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ, ಚರ್ಚಿಸಿ. ಒಂದು ಕುಟುಂಬದ ಉಳಿತಾಯ ಉಳಿದರೂ ನಮ್ಮ ಶ್ರಮ ಸಾರ್ಥಕ.