ಗೃಹ ಫರ್ನೇಸ್‌ನಲ್ಲಿ ಅನಿಲದ ವಾಸನೆ

ಗೃಹ ಫರ್ನೇಸ್‌ನಲ್ಲಿ ಅನಿಲದ ವಾಸನೆ ಎಂಬುದು ನೈಸರ್ಗಿಕ ಅನಿಲ ಅಥವಾ ಪ್ರೊಪೇನ್ ಬಳಸಿ ಮನೆಯನ್ನು ಬಿಸಿ ಮಾಡುವ ಯಂತ್ರದ ಬಳಿ ಕಂಡುಬರುವ, ಕೊಳೆತ ಮೊಟ್ಟೆಯನ್ನು ಹೋಲುವ ದುರ್ವಾಸನೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ ಚಳಿ ಪ್ರದೇಶಗಳಲ್ಲಿ ಇಂತಹ ಯಂತ್ರಗಳು ಸಾಮಾನ್ಯ. ಕೆಲವು ಮನೆಗಳಲ್ಲಿ ವಾಸನೆಯು ಸದಾ ಇರದೆ ಆಗಾಗ ಮಾತ್ರ ಬಂದು ಹೋಗುತ್ತದೆ. ಹೀಗೆ ಬಂದು ಹೋಗುವ ಕಾರಣದಿಂದಲೇ ಅದನ್ನು ಕಡೆಗಣಿಸುವುದೂ ಉಂಟು. ಆದರೆ ವಾಸನೆಯು ಯಂತ್ರದ ಕಾರ್ಯಚಕ್ರದ ಯಾವ ಹಂತದಲ್ಲಿ ಬರುತ್ತದೆ ಎಂಬುದೇ ದೋಷ ಎಲ್ಲಿದೆ ಎಂಬುದಕ್ಕೆ ದೊರೆಯುವ ಮುಖ್ಯ ಸುಳಿವು.

ಕನ್ನಡದಲ್ಲಿ 'ಕುಲುಮೆ' ಎಂದರೆ ಕಮ್ಮಾರನ ಕುಲುಮೆಯೇ ಮೊದಲು ನೆನಪಿಗೆ ಬರುವುದರಿಂದ ಈ ಲೇಖನದಲ್ಲಿ 'ಫರ್ನೇಸ್' ಎಂಬ ಪದವನ್ನೇ ಬಳಸಲಾಗಿದೆ. ಇದು ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಅಥವಾ ಪ್ರತ್ಯೇಕ ಸಣ್ಣ ಕೋಣೆಯಲ್ಲಿ ನಿಲ್ಲಿಸಿದ, ಆಳೆತ್ತರದ ಲೋಹದ ಪೆಟ್ಟಿಗೆ. ಇದರಲ್ಲಿ ಬಿಸಿಯಾದ ಗಾಳಿಯು ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಹರಿಯುತ್ತದೆ.

ವಾಸನೆಯ ಮೂಲ

ನೈಸರ್ಗಿಕ ಅನಿಲದ ಮುಖ್ಯ ಘಟಕವಾದ ಮೀಥೇನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರೊಪೇನ್ ಕೂಡ ಬಹುಮಟ್ಟಿಗೆ ವಾಸನೆರಹಿತವೇ. ಬಳಕೆದಾರರ ಮೂಗಿಗೆ ಬಡಿಯುವುದು ಎಚ್ಚರಿಕೆಗಾಗಿ ಬೆರೆಸಿದ ಗಂಧಕಯುಕ್ತ ಸಂಯುಕ್ತಗಳ ವಾಸನೆ. ನೈಸರ್ಗಿಕ ಅನಿಲಕ್ಕೆ ಟರ್ಷಿಯರಿ ಬ್ಯುಟೈಲ್ ಮರ್ಕ್ಯಾಪ್ಟನ್‌ನಂತಹ ವಸ್ತುಗಳನ್ನೂ ದ್ರವೀಕೃತ ಪೆಟ್ರೋಲಿಯಂ ಅನಿಲಕ್ಕೆ ಇಥೈಲ್ ಮರ್ಕ್ಯಾಪ್ಟನ್ ಅನ್ನೂ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಲಾಗುತ್ತದೆ.

ಈ ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾಗುವುದಕ್ಕೆ ಒಂದು ದುರಂತ ಕಾರಣವಾಯಿತು. 1937ರ ಮಾರ್ಚ್ 18ರಂದು ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸ್ಫೋಟ ಸಂಭವಿಸಿ ಸುಮಾರು 300 ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಮೃತಪಟ್ಟರು. ಶಾಲೆಯನ್ನು ಬಿಸಿ ಮಾಡಲು ಸಮೀಪದ ತೈಲಕ್ಷೇತ್ರದಲ್ಲಿ ಉಳಿಯುತ್ತಿದ್ದ ಅನಿಲವನ್ನು ಬಳಸಲಾಗುತ್ತಿತ್ತು. ಅದು ಸೋರಿ ಕಟ್ಟಡದ ನೆಲದಡಿಯ ಪೊಳ್ಳು ಜಾಗದಲ್ಲಿ ಸಂಗ್ರಹವಾಗಿದ್ದರೂ ವಾಸನೆಯಿಲ್ಲದ ಕಾರಣ ಯಾರಿಗೂ ತಿಳಿಯಲಿಲ್ಲ. ಅದೇ ವರ್ಷ ಟೆಕ್ಸಸ್ ಶಾಸನಸಭೆ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಈ ನಿಯಮ ಕ್ರಮೇಣ ಇತರೆಡೆಗೂ ಹರಡಿತು.

ಮೀಥೇನ್ ಗಾಳಿಯಲ್ಲಿ ಸರಿಸುಮಾರು ಶೇಕಡಾ 5ರಿಂದ 15ರಷ್ಟು ಬೆರೆತಾಗ ಹೊತ್ತಿಕೊಳ್ಳಬಲ್ಲದು. ಅಮೆರಿಕದ ಒಕ್ಕೂಟ ಸರ್ಕಾರದ ನಿಯಮದಂತೆ, ಈ ಕೆಳಮಿತಿಯ ಐದನೆಯ ಒಂದು ಭಾಗದಷ್ಟು, ಅಂದರೆ ಸುಮಾರು ಶೇಕಡಾ 1ರಷ್ಟು ಅನಿಲವಿದ್ದಾಗಲೇ ಸಾಮಾನ್ಯ ಘ್ರಾಣಶಕ್ತಿಯುಳ್ಳವರಿಗೆ ವಾಸನೆ ತಿಳಿಯಬೇಕು. ವಾಸ್ತವದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೇ ಅನೇಕರಿಗೆ ವಾಸನೆ ಬರುತ್ತದೆ. ಆದ್ದರಿಂದ ವಾಸನೆ ಬಂದಿತೆಂದರೆ ಸ್ಫೋಟ ಸನ್ನಿಹಿತವೆಂದು ಅರ್ಥವಲ್ಲ. ಅನಿಲವು ಇರಬಾರದ ಸ್ಥಳದಲ್ಲಿದೆ ಎಂದಷ್ಟೇ ಅರ್ಥ.

ಫರ್ನೇಸ್ ಹೊತ್ತಿಕೊಳ್ಳುವ ಕ್ರಮ

ಕೋಣೆಯ ಉಷ್ಣತೆ ಕುಸಿದಾಗ ಗೋಡೆಯ ಥರ್ಮೋಸ್ಟಾಟ್ ಫರ್ನೇಸ್‌ಗೆ ಸಂಕೇತ ಕಳುಹಿಸುತ್ತದೆ. ಆಧುನಿಕ ಯಂತ್ರದಲ್ಲಿ ಮೊದಲು ಒಂದು ಸಣ್ಣ ಫ್ಯಾನ್ ತಿರುಗಿ ದಹನಕೋಶದಲ್ಲಿ ಉಳಿದಿರಬಹುದಾದ ಅನಿಲವನ್ನು ಹೊಗೆಕೊಳವೆಯ ಮೂಲಕ ಹೊರದೂಡುತ್ತದೆ. ಗಾಳಿಯ ಹರಿವು ಸರಿಯಾಗಿದೆ ಎಂಬುದನ್ನು ಒತ್ತಡದ ಸ್ವಿಚ್ ಖಚಿತಪಡಿಸಿದ ಬಳಿಕ ಹೊತ್ತಿಸುವ ಸಾಧನ ಕೆಂಪಗೆ ಕಾಯುತ್ತದೆ ಅಥವಾ ಕಿಡಿ ಹಾರಿಸುತ್ತದೆ. ಆಗ ಅನಿಲದ ಕವಾಟ ತೆರೆದುಕೊಂಡು ಬರ್ನರ್‌ಗಳು ಹೊತ್ತಿಕೊಳ್ಳುತ್ತವೆ. ಜ್ವಾಲೆಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತನ್ನು ಅಳೆದು ಜ್ವಾಲಾಸಂವೇದಕವು ಬೆಂಕಿ ನಿಜವಾಗಿಯೂ ಹೊತ್ತಿದೆಯೇ ಎಂಬುದನ್ನು ತಿಳಿಸುತ್ತದೆ. ಕೆಲವು ಸೆಕೆಂಡುಗಳೊಳಗೆ ಈ ಸಂಕೇತ ಬಾರದಿದ್ದರೆ ಕವಾಟ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಂತ್ರ ಮತ್ತೆ ಕೆಲವು ಬಾರಿ ಪ್ರಯತ್ನಿಸಿ, ಆಗಲೂ ವಿಫಲವಾದರೆ ಸ್ಥಗಿತಗೊಳ್ಳುತ್ತದೆ.

ಕವಾಟ ತೆರೆದ ಕ್ಷಣಕ್ಕೂ ಜ್ವಾಲೆ ಹರಡುವ ಕ್ಷಣಕ್ಕೂ ನಡುವೆ ಅತ್ಯಲ್ಪ ಅನಿಲ ಉರಿಯದೆ ಉಳಿಯಬಹುದು. ಹಾಗಾಗಿ ಬರ್ನರ್ ಕೋಣೆಯ ಗಾಳಿಗೆ ತೆರೆದಿರುವ ಹಳೆಯ ಮಾದರಿಗಳ ಪಕ್ಕದಲ್ಲೇ ನಿಂತವರಿಗೆ, ಯಂತ್ರ ಆರಂಭವಾಗುವಾಗ ಕ್ಷಣಕಾಲ ಮಂದ ವಾಸನೆ ಬಂದು ಮರೆಯಾಗುವುದು ಅಸಹಜವಲ್ಲ. ವಾಸನೆ ಮೆಟ್ಟಿಲೇರಿ ಮೇಲಿನ ಕೋಣೆಗಳವರೆಗೂ ಬಂದರೆ, ನಿಮಿಷಗಟ್ಟಲೆ ಉಳಿದರೆ ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ ಅದನ್ನು ಸಹಜವೆಂದು ಪರಿಗಣಿಸುವಂತಿಲ್ಲ.

ಆಗಾಗ ವಾಸನೆ ಬರಲು ಕಾರಣಗಳು

ಯಂತ್ರ ಆರಂಭವಾದಾಗಲೆಲ್ಲ ವಾಸನೆ ಬಂದು, ಜೊತೆಗೆ 'ಧಡ್' ಎಂಬ ಸದ್ದೂ ಕೇಳಿಸಿದರೆ ಅದು ವಿಳಂಬಿತ ದಹನದ ಲಕ್ಷಣ. ಬರ್ನರ್‌ನ ರಂಧ್ರಗಳಲ್ಲಿ ತುಕ್ಕು ಅಥವಾ ಜೇಡರ ಬಲೆ ಕಟ್ಟಿಕೊಂಡಿರುವುದು, ಹೊತ್ತಿಸುವ ಸಾಧನ ದುರ್ಬಲವಾಗಿರುವುದು, ಅನಿಲದ ಒತ್ತಡ ಸರಿಯಿಲ್ಲದಿರುವುದು ಇದಕ್ಕೆ ಕಾರಣಗಳು. ಅನಿಲವು ಒಂದೆರಡು ಸೆಕೆಂಡು ಸಂಗ್ರಹವಾಗಿ ಒಮ್ಮೆಲೇ ಹೊತ್ತಿಕೊಳ್ಳುವುದರಿಂದ ಜ್ವಾಲೆ ಹೊರಕ್ಕೆ ಚಿಮ್ಮುವ ಅಪಾಯವಿದೆ. ಪದೇಪದೇ ಹೀಗಾದರೆ ಶಾಖವಿನಿಮಯಕಕ್ಕೂ ಹಾನಿಯಾಗುತ್ತದೆ.

ಜ್ವಾಲಾಸಂವೇದಕದ ಮೇಲೆ ಮಸಿಯಂತಹ ಪದರ ಕಟ್ಟಿದಾಗ ಬೇರೊಂದು ಬಗೆಯ ತೊಂದರೆ ಉಂಟಾಗುತ್ತದೆ. ಬೆಂಕಿ ಹೊತ್ತಿದ್ದರೂ ಯಂತ್ರಕ್ಕೆ ಅದು ತಿಳಿಯದೆ ಕವಾಟ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಪ್ರತಿ ಪ್ರಯತ್ನದಲ್ಲೂ ತುಸು ಅನಿಲ ಉರಿಯದೆ ಹೊರಬೀಳುತ್ತದೆ. ಹೊರಗಿನ ಗಾಳಿಯನ್ನೇ ಕೊಳವೆಯಲ್ಲಿ ಎಳೆದುಕೊಳ್ಳುವ ಮುಚ್ಚಿದ ದಹನಕೋಶದ ಯಂತ್ರಗಳಲ್ಲಿ ಈ ಅನಿಲ ಮನೆಯ ಹೊರಗೋಡೆಯ ಕೊಳವೆಯ ಬಳಿ ಹೊರಬರುತ್ತದೆ. ಸಮೀಪದಲ್ಲಿ ಕಿಟಕಿ ತೆರೆದಿದ್ದರೆ ಅದೇ ವಾಸನೆ ಒಳನುಗ್ಗಿ, ಮೂಲ ಎಲ್ಲಿದೆ ಎಂಬ ಗೊಂದಲ ಉಂಟಾಗುತ್ತದೆ.

ಇನ್ನೂ ಹಳೆಯ ಯಂತ್ರಗಳಲ್ಲಿ ಸದಾ ಉರಿಯುವ ಸಣ್ಣ ಪೈಲಟ್ ಜ್ವಾಲೆ ಇರುತ್ತದೆ. ಗಾಳಿ ಬೀಸಿ ಅದು ಆರಿಹೋದರೆ ಥರ್ಮೋಕಪಲ್ ತಣ್ಣಗಾಗಿ ಕವಾಟ ಮುಚ್ಚುವವರೆಗೆ ಅನಿಲ ಸೋರುತ್ತಲೇ ಇರುತ್ತದೆ.

ಯಂತ್ರ ನಿಂತಿರುವಾಗಲೂ ವಾಸನೆ ಬರುವುದಾದರೆ ಸಂದೇಹ ಹೋಗಬೇಕಾದುದು ಕೊಳವೆಗಳ ಜೋಡಣೆ, ಬಾಗುವ ಸಂಪರ್ಕನಳಿಕೆ ಅಥವಾ ಕವಾಟದ ಕಡೆಗೆ. ಫರ್ನೇಸ್‌ನ ಕಂಪನ ಮತ್ತು ಲೋಹದ ಹಿಗ್ಗುಕುಗ್ಗುಗಳಿಂದ ಜೋಡಣೆಗಳು ಸಡಿಲವಾಗಬಲ್ಲವು. ಇಂತಹ ಸೂಕ್ಷ್ಮ ಸೋರಿಕೆ ದಿನವಿಡೀ ಇದ್ದರೂ ಗಾಳಿಯಾಡುವಾಗ ತಿಳಿಯದೆ, ಕೋಣೆ ಮುಚ್ಚಿದ್ದಾಗ ಮಾತ್ರ ತಿಳಿಯುವುದರಿಂದ 'ಆಗಾಗ ಬರುವ' ವಾಸನೆಯಂತೆ ತೋರುತ್ತದೆ.

ಅನಿಲದ್ದಲ್ಲದ ವಾಸನೆಗಳು

ಚಳಿಗಾಲದಲ್ಲಿ ಮೊದಲ ಬಾರಿ ಫರ್ನೇಸ್ ಹಚ್ಚಿದಾಗ ಶಾಖವಿನಿಮಯಕದ ಮೇಲೆ ಕುಳಿತ ಧೂಳು ಸುಟ್ಟು ಕಮಟು ವಾಸನೆ ಬರುವುದು ಸಾಮಾನ್ಯ; ಅದು ಕೆಲವು ಗಂಟೆಗಳಲ್ಲಿ ಇಲ್ಲವಾಗುತ್ತದೆ. ನೆಲಮಾಳಿಗೆಯ ಚರಂಡಿ ಬಾಯಿಯ ಬಾಗುಕೊಳವೆಯಲ್ಲಿ ನಿಂತಿರಬೇಕಾದ ನೀರು ಒಣಗಿದರೆ ಒಳಚರಂಡಿಯ ಹೈಡ್ರೋಜನ್ ಸಲ್ಫೈಡ್ ಮೇಲೇರಿ ಕೊಳೆತ ಮೊಟ್ಟೆಯ ವಾಸನೆಯನ್ನೇ ಬೀರುತ್ತದೆ. ಚರಂಡಿಗೆ ಒಂದು ಬಕೆಟ್ ನೀರು ಸುರಿದರೆ ಇದು ನಿಲ್ಲುತ್ತದೆ. ಆದರೆ ಅನಿಲ ಸೋರಿಕೆ ಇಲ್ಲವೆಂದು ಖಚಿತಪಟ್ಟ ಮೇಲಷ್ಟೇ ಇಂತಹ ಕಾರಣಗಳನ್ನು ಹುಡುಕುವುದು ಸರಿಯಾದ ಕ್ರಮ.

ಮೂಗಿನ ಮಿತಿಗಳು

ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಸನೆ 'ಹೋಯಿತು' ಎಂದು ಮನೆಯವರು ಭಾವಿಸಿದಾಗ ಅನಿಲ ಅಲ್ಲೇ ಇರುವ ಸಾಧ್ಯತೆಯಿದೆ. ಹೊರಗಿನಿಂದ ಬಂದವರಿಗೆ ಮೊದಲು ತಿಳಿಯುವುದು ಇದೇ ಕಾರಣಕ್ಕೆ. ವಯಸ್ಸಾದವರಲ್ಲಿ ಘ್ರಾಣಶಕ್ತಿ ಕುಂದಿರುತ್ತದೆ. ಕೋವಿಡ್-19 ಸೋಂಕಿನ ನಂತರ ಅದನ್ನು ಕಳೆದುಕೊಂಡವರೂ ಇದ್ದಾರೆ. ಇದಲ್ಲದೆ ಹೊಸ ಉಕ್ಕಿನ ಕೊಳವೆಗಳ ಒಳಮೈ, ತುಕ್ಕು ಮತ್ತು ಮಣ್ಣು ಮರ್ಕ್ಯಾಪ್ಟನ್ ಅನ್ನು ಹೀರಿಕೊಂಡು ಅನಿಲದ ವಾಸನೆಯನ್ನೇ ತಗ್ಗಿಸಬಲ್ಲವು.

ಇವೆಲ್ಲಕ್ಕಿಂತ ಮುಖ್ಯವಾದುದು ಕಾರ್ಬನ್ ಮಾನಾಕ್ಸೈಡ್. ಅನಿಲ ಅಪೂರ್ಣವಾಗಿ ಉರಿದಾಗ ಹುಟ್ಟುವ ಈ ವಿಷಾನಿಲಕ್ಕೆ ಯಾವ ವಾಸನೆಯೂ ಇಲ್ಲ, ಅದಕ್ಕೆ ಯಾರೂ ವಾಸನೆ ಬೆರೆಸುವುದೂ ಸಾಧ್ಯವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಇದರ ಮೊದಲ ಲಕ್ಷಣಗಳು. ಸರಿಯಾಗಿ ಉರಿಯದ ಬರ್ನರ್‌ನಿಂದ ಉರಿಯದ ಅನಿಲವೂ ಕಾರ್ಬನ್ ಮಾನಾಕ್ಸೈಡೂ ಒಟ್ಟಿಗೆ ಬರಬಹುದು. ಅಡುಗೆಮನೆಯ ಬಲವಾದ ನಿಷ್ಕಾಸ ಫ್ಯಾನ್ ಮನೆಯೊಳಗಿನ ಒತ್ತಡವನ್ನು ತಗ್ಗಿಸಿ ಹೊಗೆಯನ್ನು ಹಿಂದಕ್ಕೆ ಸೆಳೆಯಲೂಬಹುದು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಸಾಮಾನ್ಯವಾಗಿ ಮೀಥೇನನ್ನು ಗುರುತಿಸುವುದಿಲ್ಲ. ಮೀಥೇನ್ ಪತ್ತೆಸಾಧನ ಕಾರ್ಬನ್ ಮಾನಾಕ್ಸೈಡ್ ಅನ್ನು ಗುರುತಿಸುವುದಿಲ್ಲ. ಒಂದನ್ನು ಅಳವಡಿಸಿ ಎರಡರಿಂದಲೂ ರಕ್ಷಣೆ ದೊರೆಯಿತೆಂದು ತಿಳಿಯುವುದು ಬಹಳ ಕಡೆ ಕಂಡುಬರುವ ತಪ್ಪು ಕಲ್ಪನೆ.

ತಕ್ಷಣದ ಕ್ರಮ

ಕಟುವಾದ ಅಥವಾ ಬಿಡದೆ ಬರುವ ವಾಸನೆ ಇದ್ದಾಗ ಎಲ್ಲರೂ ಮನೆಯಿಂದ ಹೊರಹೋಗಬೇಕು. ಬೆಂಕಿಕಡ್ಡಿ ಗೀರುವುದು ಮಾತ್ರವಲ್ಲ, ದೀಪದ ಸ್ವಿಚ್ ಹಾಕುವುದು ಅಥವಾ ಆರಿಸುವುದು, ಕರೆಗಂಟೆ ಒತ್ತುವುದು, ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡುವುದು ಸಹ ಕಿಡಿಗೆ ಕಾರಣವಾಗಬಲ್ಲದು. ದೂರವಾಣಿ ಕರೆಯನ್ನು ಹೊರಗೆ ಸುರಕ್ಷಿತ ದೂರಕ್ಕೆ ಹೋದ ಮೇಲೆಯೇ ಮಾಡಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ 911 ಅಥವಾ ಅನಿಲ ಪೂರೈಕೆ ಸಂಸ್ಥೆಯ ತುರ್ತು ಸಂಖ್ಯೆಗೆ ಕರೆ ಮಾಡಲಾಗುತ್ತದೆ. ಕಿಟಕಿಗಳನ್ನು ತೆರೆಯಲು ಅಥವಾ ಮೂಲವನ್ನು ಹುಡುಕಲು ಒಳಗೆ ಉಳಿಯುವುದು ಯುಕ್ತವಲ್ಲ. ಮುಖ್ಯ ಕವಾಟ ಮುಚ್ಚಿದ್ದಲ್ಲಿ ಅದನ್ನು ಮತ್ತೆ ತೆರೆಯುವ ಕೆಲಸ ಪೂರೈಕೆ ಸಂಸ್ಥೆಯ ಸಿಬ್ಬಂದಿಯದು.

ವಾಸನೆ ಮಂದವಾಗಿದ್ದು ಯಂತ್ರ ಆರಂಭವಾಗುವಾಗ ಮಾತ್ರ ಬಂದು ಹೋಗುವಂತಿದ್ದರೆ, ಥರ್ಮೋಸ್ಟಾಟ್ ತಗ್ಗಿಸಿ ಫರ್ನೇಸನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಸುವುದು ವಾಡಿಕೆ. ವಾಸನೆ ಬಂದ ಹೊತ್ತು, ಆಗ ಯಂತ್ರ ಯಾವ ಹಂತದಲ್ಲಿತ್ತು, ಸದ್ದು ಕೇಳಿಸಿತೇ ಎಂಬುದನ್ನು ಗುರುತಿಟ್ಟುಕೊಂಡರೆ ಅವರ ಕೆಲಸ ಸುಲಭವಾಗುತ್ತದೆ. ತಂತ್ರಜ್ಞರು ಬಂದಾಗ ವಾಸನೆ ಇಲ್ಲದಿರುವುದೇ ಇಂತಹ ದೋಷಗಳ ದೊಡ್ಡ ತೊಡಕು. ಅವರು ಅನಿಲ ಪತ್ತೆಸಾಧನದಿಂದಲೂ ಸಾಬೂನಿನ ನೊರೆಯಿಂದಲೂ ಜೋಡಣೆಗಳನ್ನು ಪರೀಕ್ಷಿಸುತ್ತಾರೆ, ಅನಿಲದ ಒತ್ತಡ ಅಳೆಯುತ್ತಾರೆ, ಬರ್ನರ್ ಮತ್ತು ಸಂವೇದಕಗಳನ್ನು ಶುಚಿಗೊಳಿಸಿ ಯಂತ್ರವನ್ನು ಹಲವು ಬಾರಿ ಹೊತ್ತಿಸಿ ನೋಡುತ್ತಾರೆ.

ಭಾರತದ ಸಂದರ್ಭ

ಕರ್ನಾಟಕದ ಮನೆಗಳಲ್ಲಿ ಇಂತಹ ಫರ್ನೇಸ್ ಬಳಕೆ ಇಲ್ಲ; ಚಳಿದೇಶಗಳಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಅದರ ಪರಿಚಯವಾಗುವುದು ಸಾಮಾನ್ಯವಾಗಿ ಅಲ್ಲಿಯ ಮೊದಲ ಚಳಿಗಾಲದಲ್ಲಿ. ಅಡುಗೆ ಅನಿಲದ ಸಿಲಿಂಡರ್ ಬಳಸಿ ರೂಢಿಯಾದವರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಸಿಲಿಂಡರಿನ ಪ್ರೊಪೇನ್ ಮತ್ತು ಬ್ಯುಟೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಶೇಖರವಾಗುತ್ತವೆ. ಮೀಥೇನ್ ಗಾಳಿಗಿಂತ ಹಗುರವಾದುದರಿಂದ ಮೇಲೇರಿ ಛಾವಣಿಯ ಬಳಿ ಸೇರುತ್ತದೆ. ಪತ್ತೆಸಾಧನವನ್ನು ಎಷ್ಟು ಎತ್ತರದಲ್ಲಿ ಅಳವಡಿಸಬೇಕೆಂಬುದು ಇದನ್ನೇ ಅವಲಂಬಿಸಿದೆ. ಬೆಂಗಳೂರು ಮೊದಲಾದ ನಗರಗಳಲ್ಲಿ ಕೊಳವೆಯ ಮೂಲಕ ಮನೆಗೆ ಬರುವ ಅನಿಲವೂ ಮೀಥೇನ್ ಪ್ರಧಾನವಾದುದೇ. ಅಡುಗೆ ಅನಿಲ ಸೋರಿಕೆಯನ್ನು ತಿಳಿಸಲು ಭಾರತದಲ್ಲಿ 1906 ಸಹಾಯವಾಣಿ ಇದೆ.

ಕಾರ್ಬನ್ ಮಾನಾಕ್ಸೈಡ್‌ನ ಅಪಾಯ ಇಲ್ಲಿ ಬೇರೊಂದು ರೂಪದಲ್ಲಿದೆ. ಗಾಳಿಯಾಡದ ಸ್ನಾನಗೃಹದೊಳಗೆ ಅಳವಡಿಸಿದ ಗ್ಯಾಸ್ ಗೀಸರ್‌ನಿಂದ ಸಾವು ಸಂಭವಿಸಿದ ಪ್ರಕರಣಗಳು ಕರ್ನಾಟಕದಲ್ಲಿಯೂ ವರದಿಯಾಗಿವೆ. ಗೀಸರನ್ನು ಸ್ನಾನಗೃಹದ ಹೊರಗೆ ಅಳವಡಿಸಿ ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳತರುವುದು ಇದಕ್ಕೆ ಪರಿಹಾರ.