ಇಲ್ಲದ ವಿಮಾನಗಳಿಗೆ ರಾತ್ರಿಪಾಳಿ

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಒಬ್ಬ ಹವ್ಯಾಸಿ ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ, ತನ್ನ ಕೋಣೆಯ ಕಂಪ್ಯೂಟರಿನ ಮುಂದೆ ಕುಳಿತು, ಹತ್ತು ಗಂಟೆಗೆ ಸರಿಯಾಗಿ ಬೆಂಗಳೂರಿಗೆ ವಿಮಾನ ಹೊರಡಿಸುತ್ತಾನೆ ಎನ್ನಿ. ಹಾರಾಟ ಸುಮಾರು ಒಂಬತ್ತು ಗಂಟೆ. ಚಳಿಗಾಲದ ಲೆಕ್ಕದಲ್ಲಿ ಆತ ದೇವನಹಳ್ಳಿಯ ಮೇಲೆ ಬರುವಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ವಿಮಾನವೂ ಇಲ್ಲ, ಪ್ರಯಾಣಿಕರೂ ಇಲ್ಲ. ಇರುವುದು ಪರದೆಯ ಮೇಲಿನ ಚಿತ್ರ ಮಾತ್ರ. ಆದರೂ ಆತ ರೇಡಿಯೊ ಗುಂಡಿ ಒತ್ತಿ ಇಳಿಯಲು ಅನುಮತಿ ಕೇಳುತ್ತಾನೆ. ಆ ಹೊತ್ತಿನಲ್ಲಿ ಬೆಂಗಳೂರು ಗೋಪುರದ ಹೆಸರಿನಲ್ಲಿ ಉತ್ತರ ಕೊಡಲು ಯಾರು ಎದ್ದು ಕುಳಿತಿರುತ್ತಾರೆ?

ಕೆಲವೊಮ್ಮೆ ಯಾರಾದರೂ ಕುಳಿತಿರುತ್ತಾರೆ. ಸಂಬಳವಿಲ್ಲ, ಭತ್ಯೆಯಿಲ್ಲ. ಆತನೂ ತನ್ನ ಮನೆಯಲ್ಲೇ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ರೇಡಾರ್‌ನಂತೆ ಕಾಣುವ ಕಪ್ಪು ಪರದೆಯನ್ನು ನೋಡುತ್ತಾ ಕುಳಿತ ಹವ್ಯಾಸಿಯೇ. ವಿಮಾನ ಹಾರಿಸುವ ಕಂಪ್ಯೂಟರ್ ಆಟದ ಬಗ್ಗೆ ಕೇಳಿದವರು ಬಹಳ ಮಂದಿ ಇದ್ದಾರೆ. ಆ ವಿಮಾನಗಳಿಗೆ ದಾರಿ ತೋರಿಸುವುದೇ ಕೆಲವರ ಆಟ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಮೈಕ್ರೋಸಾಫ್ಟ್ ಕಂಪೆನಿಯ ಫ್ಲೈಟ್ ಸಿಮ್ಯುಲೇಟರ್ ಮೊದಲು ಬಂದದ್ದು 1982ರಲ್ಲಿ. ಆಗ ಅದು ಒಂಟಿ ಆಟ. ಷಿಕಾಗೊ ಬಳಿಯ ಒಂದು ಸಣ್ಣ ಓಡುಹಾದಿ, ನಾಲ್ಕಾರು ಗೆರೆಗಳಲ್ಲಿ ಮೂಡಿದ ಕಟ್ಟಡಗಳು, ಮೇಲೆ ಖಾಲಿ ಆಕಾಶ. 1990ರ ದಶಕದ ಕೊನೆಗೆ ಇಂಟರ್‌ನೆಟ್ ಮನೆಗಳಿಗೆ ಬಂದ ಮೇಲೆ ಒಬ್ಬರ ವಿಮಾನ ಇನ್ನೊಬ್ಬರಿಗೆ ಕಾಣುವಂತಾಯಿತು. ಆಕಾಶದಲ್ಲಿ ಜನ ಸೇರಿದರು ಎಂದಮೇಲೆ ದಾರಿ ಬಿಡಿಸುವವನೂ ಬೇಕಲ್ಲ? ಸ್ಯಾಟ್ಕೊ ಎಂಬ ಬಳಗ ಆ ಕೆಲಸಕ್ಕೆ ಕೈ ಹಾಕಿತು. ಅದರಿಂದ ಬೇರೆಯಾದವರು 1998ರಲ್ಲಿ ಐವಾವೊ ಕಟ್ಟಿದರು. ಉಳಿದವರ ಕೂಟ 2001ರಲ್ಲಿ ವ್ಯಾಟ್ಸಿಮ್ ಆಯಿತು. ಇಂದು ಈ ಎರಡೂ ಜಾಲಗಳು ನಡೆಯುತ್ತಿವೆ. ಎರಡೂ ಪುಕ್ಕಟೆ, ಎರಡೂ ಸ್ವಯಂಸೇವಕರ ಬಲದಿಂದಲೇ ನಿಂತಿವೆ. ಮೊದಲೆಲ್ಲ ಟೈಪು ಮಾಡಿದ ಅಕ್ಷರದಲ್ಲೇ ಹೆಚ್ಚಿನ ಸಂಭಾಷಣೆ. 2019ರಲ್ಲಿ ವ್ಯಾಟ್ಸಿಮ್ ಹೊಸ ಧ್ವನಿ ವ್ಯವಸ್ಥೆ ತಂದಮೇಲೆ, ನಿಜವಾದ ರೇಡಿಯೊದಂತೆ ದೂರ ಹೋದ ಹಾಗೆ ದನಿ ಕ್ಷೀಣಿಸುವುದೂ ಸಾಧ್ಯವಾಗಿದೆ. ಕಿವಿ ಕೇಳದವರು, ಮಾತನಾಡಲಾಗದವರು ಈಗಲೂ ಅಕ್ಷರದಲ್ಲೇ ಹಾರಬಹುದು. ಹಾರಾಟದ ಯೋಜನೆಯಲ್ಲಿ ಹಾಗೆಂದು ಗುರುತು ಹಾಕಿದರೆ ಸಾಕು, ನಿಯಂತ್ರಕ ಅವರಿಗೆ ಟೈಪು ಮಾಡಿಯೇ ಉತ್ತರಿಸಬೇಕು.

ನಿಯಂತ್ರಕನಾಗುವುದು ಮಾತ್ರ ಬಯಸಿದೊಡನೆ ದಕ್ಕುವ ಪದವಿಯಲ್ಲ. ವಿಮಾನ ಹಾರಿಸಲು ಬರುವವನು ಚಿಕ್ಕದೊಂದು ಪರೀಕ್ಷೆ ಬರೆದರೆ ಒಳಗೆ ಬಂದಂತೆ. ಗೋಪುರ ಏರುವವನು ಮೊದಲು ವೀಕ್ಷಕನಾಗಿ ಕುಳಿತು ಕಿವಿಗೊಡಬೇಕು, ಲಿಖಿತ ಪರೀಕ್ಷೆ ಬರೆಯಬೇಕು, ಹಿರಿಯರೊಬ್ಬರ ಕಣ್ಣೆದುರು ಅಭ್ಯಾಸ ಮಾಡಬೇಕು. ಮೊದಲ ಮೆಟ್ಟಿಲಲ್ಲಿ ನೆಲದ ಮೇಲೆ ತೆವಳುವ ವಿಮಾನಗಳಷ್ಟೇ ಅವನ ಪಾಲಿಗೆ. ಆಮೇಲೆ ಗೋಪುರ, ಅಂದರೆ ಓಡುಹಾದಿಯ ಯಜಮಾನಿಕೆ. ಅದರ ಮೇಲೆ ಅಪ್ರೋಚ್: ಊರಿನ ಸುತ್ತಲಿನ ಆಕಾಶದಲ್ಲಿ ಬರುವವರನ್ನು ಸಾಲು ಹಿಡಿಸುವುದು. ಎಲ್ಲಕ್ಕೂ ಮೇಲೆ ಸೆಂಟರ್. ಒಂದು ಇಡೀ ಪ್ರದೇಶದ ಎತ್ತರದ ದಾರಿಗಳೆಲ್ಲ ಅದರ ಹತೋಟಿಯಲ್ಲಿ. ಕಲಿಸುವವರೂ ಬಿಡುವಿನಲ್ಲಿ ಬಂದು ಕಲಿಸುವವರೇ. ಹಾಗಾಗಿ ಯೂರೋಪಿನ ಕೆಲವು ಕಡೆ ಪಾಠಕ್ಕೇ ತಿಂಗಳುಗಟ್ಟಲೆ ಸರದಿ ಕಾಯಬೇಕು. ಬಿಟ್ಟಿ ಚಾಕರಿಗೆ ಇಷ್ಟುದ್ದದ ಸಾಲು ನಿಲ್ಲುವುದನ್ನು ಬೇರೆಲ್ಲಿ ಕಂಡೀರಿ?

ಹುಚ್ಚು ಬಿಡದೆ ಮದುವೆಯಾಗದು

ಈ ಹವ್ಯಾಸದ ನಿಜವಾದ ತೊಡಕು ಇರುವುದು ವೇಳಾಪಟ್ಟಿಯಲ್ಲಿ. ವಿಮಾನ ಹಾರಿಸುವವನು ಹೊರಡುವ ಮುನ್ನ ಜಾಲದ ನಕ್ಷೆ ತೆರೆದು, ಯಾವ ಊರಿನಲ್ಲಿ ನಿಯಂತ್ರಕರಿದ್ದಾರೆ ಎಂದು ನೋಡುತ್ತಾನೆ. ಯಾರಿದ್ದಾರೋ ಆ ಊರಿಗೆ ಹಾರುತ್ತಾನೆ. ನಿಯಂತ್ರಕನೂ ಅದೇ ನಕ್ಷೆ ತೆರೆದು, ತನ್ನ ಊರಿನತ್ತ ಎಷ್ಟು ವಿಮಾನಗಳು ಬರುತ್ತಿವೆ ಎಂದು ಎಣಿಸುತ್ತಾನೆ. ಯಾರೂ ಬರುತ್ತಿಲ್ಲವಾದರೆ ಕಂಪ್ಯೂಟರ್ ಮುಚ್ಚಿ ಮಲಗುತ್ತಾನೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಪಾಡು. ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳಿಗೆ ಈ ಕಷ್ಟ ಗೊತ್ತಿಲ್ಲ; ಅಲ್ಲಿ ಸಂಜೆಯಾದರೆ ಎರಡೂ ಕಡೆಯವರು ತಾವಾಗಿ ನೆರೆಯುತ್ತಾರೆ. ಗೋಳೆಲ್ಲ ನಮ್ಮಂಥ, ಹವ್ಯಾಸಿಗಳು ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತಿರುವ ಪ್ರದೇಶಗಳದು.

ಹೊತ್ತಿನ ಲೆಕ್ಕ ಬೇರೆ ನಮಗೆ ಒಗ್ಗದು. ವೈಮಾನಿಕ ಲೋಕವೆಲ್ಲ ಗ್ರೀನ್‌ವಿಚ್ ಸಮಯಕ್ಕೆ ನಡೆಯುತ್ತದೆ; ಆಡುಮಾತಿನಲ್ಲಿ ಅದಕ್ಕೆ ಜುಲು ಎಂದು ಹೆಸರು. ಯೂರೋಪಿನವನು ಕೆಲಸ ಮುಗಿಸಿ, ಊಟ ಮಾಡಿ ಕೂರುವ ವೇಳೆ ಸಾಮಾನ್ಯವಾಗಿ ಜುಲು 18ರಿಂದ 21. ಅದಕ್ಕೆ ಐದೂವರೆ ಗಂಟೆ ಕೂಡಿಸಿ: ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಜಾವ ಎರಡೂವರೆ. ನಮ್ಮವರು ಎಂಟಕ್ಕೆ ಕುಳಿತರೆ ಅಲ್ಲಿನವರು ಇನ್ನೂ ಕಚೇರಿಯಲ್ಲಿ. ಅಲ್ಲಿನವರು ಬಂದಾಗ ಇಲ್ಲಿ ಮನೆಯವರ ಗೊಣಗಾಟ ಶುರುವಾಗಿರುತ್ತದೆ. ಕೆಂಪೇಗೌಡ ನಿಲ್ದಾಣಕ್ಕೆ ನಿಜವಾದ ಯೂರೋಪಿನ ವಿಮಾನಗಳೂ ನಡುರಾತ್ರಿಯ ಆಚೀಚೆ ಬರುವುದು ವಾಡಿಕೆಯೇ. ಆದರೆ ಅಲ್ಲಿ ಪಾಳಿಯ ಮೇಲೆ ಇರುವವರಿಗೆ ಸಂಬಳ ಉಂಟು, ಮರುದಿನ ರಜೆಯುಂಟು.

ಈ ಗಂಟನ್ನು ಬಿಡಿಸಲು ಜಾಲದವರು ಕಂಡುಕೊಂಡ ಮೊದಲ ಉಪಾಯ, ಮೇಲಿದ್ದವನೇ ಕೆಳಗಿನವರ ಕೆಲಸವನ್ನೂ ಮಾಡುವುದು. ಸೆಂಟರ್‌ನಲ್ಲಿ ಒಬ್ಬ ಕುಳಿತಿದ್ದು, ಕೆಳಗೆ ಅಪ್ರೋಚ್, ಗೋಪುರ, ನೆಲ ಎಲ್ಲವೂ ಖಾಲಿಯಿದ್ದರೆ ಆ ಎಲ್ಲರ ಕೆಲಸವೂ ಅವನದೇ. ದಕ್ಷಿಣ ಭಾರತದ ಆಕಾಶದ ಬಹುಭಾಗ ಚೆನ್ನೈ ವಾಯುಮಾಹಿತಿ ವಲಯಕ್ಕೆ ಸೇರಿದ್ದು. ಆದ್ದರಿಂದ ಚೆನ್ನೈ ಸೆಂಟರ್ ಎಂದು ಕುಳಿತ ಒಬ್ಬನೇ, ಮೂವತ್ತೈದು ಸಾವಿರ ಅಡಿಯಲ್ಲಿ ಕೊಲಂಬೊಗೆ ಹೋಗುವವನಿಗೆ ದಾರಿ ಹೇಳಿ, ಮರುಕ್ಷಣ ಬೆಂಗಳೂರಿನಲ್ಲಿ ಎಂಜಿನ್ ಚಾಲೂ ಮಾಡಲು ಕೇಳುವವನಿಗೆ ಒಪ್ಪಿಗೆ ಕೊಟ್ಟು, ಅಷ್ಟರಲ್ಲಿ ಮಂಗಳೂರಿನ ಗುಡ್ಡದ ಮೇಲಿನ ಓಡುಹಾದಿಗೆ ಇಳಿಯುತ್ತಿರುವ ಇನ್ನೊಬ್ಬನಿಗೆ ಗಾಳಿಯ ದಿಕ್ಕು ತಿಳಿಸಬೇಕಾಗಬಹುದು. ಕಂಡಕ್ಟರು, ಡ್ರೈವರು, ಡಿಪೊ ಮ್ಯಾನೇಜರು ಎಲ್ಲ ತಾನೇ ಆದ ಬಸ್ಸಿನ ಹಾಗೆ.

ಎರಡನೆಯ ಉಪಾಯ ಬುಕಿಂಗ್. ಇಂಥ ದಿನ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ, ಇಂಥ ಗೋಪುರ ನನ್ನದು ಎಂದು ನಿಯಂತ್ರಕ ಮುಂಚೆಯೇ ಬರೆದಿಡುತ್ತಾನೆ. ಕುಳಿತ ಮೇಲೂ ತಾನು ಎಷ್ಟು ಗಂಟೆಗೆ ಎದ್ದೇಳುತ್ತೇನೆ ಎಂಬುದನ್ನು ತನ್ನ ಮಾಹಿತಿಯಲ್ಲಿ ಹಾಕುವುದು ಒಳ್ಳೆಯ ನಡತೆ. ಒಂಬತ್ತು ಗಂಟೆ ಹಾರಿ ಬಂದವನು ಇಳಿಯುವ ಹತ್ತು ನಿಮಿಷಕ್ಕೆ ಮುಂಚೆ ಗೋಪುರಕ್ಕೆ ಬೀಗ ಬಿದ್ದರೆ ಅವನಿಗೆ ಏನನ್ನಿಸಬೇಡ! ನಡುವೆ ಬೇರೊಬ್ಬ ಬಂದು ಕುರ್ಚಿ ಹಿಡಿಯುವುದಾದರೆ, ಯಾವ ವಿಮಾನ ಎಲ್ಲಿದೆ, ಯಾರಿಗೆ ಏನು ಹೇಳಿದೆ ಎಂದು ಒಂದೊಂದನ್ನೂ ಒಪ್ಪಿಸಿಯೇ ಹಳಬ ಏಳಬೇಕು. ಇದು ನಿಜದ ಗೋಪುರಗಳ ಪದ್ಧತಿಯೇ.

ಮೂರನೆಯದು ಜಾತ್ರೆ. ಕರಾವಳಿಯ ಪತ್ರಿಕೆಗಳಲ್ಲಿ ಇಂದು ಯಾವ ಮೇಳದ ಆಟ ಎಲ್ಲಿ ಎಂದು ಪಟ್ಟಿ ಬರುವುದಿಲ್ಲವೇ, ಹಾಗೆ ಜಾಲದಲ್ಲೂ ವಾರದ ಪಟ್ಟಿ ಇರುತ್ತದೆ: ಈ ಶನಿವಾರ ರಾತ್ರಿ ಇಷ್ಟು ಗಂಟೆಯಿಂದ ಈ ನಿಲ್ದಾಣದಲ್ಲಿ ನೆಲದಿಂದ ಸೆಂಟರ್‌ವರೆಗೆ ಎಲ್ಲ ಕುರ್ಚಿಗಳೂ ಭರ್ತಿ, ಬನ್ನಿ. ವಾರವಿಡೀ ಭಣಗುಟ್ಟುವ ಆಕಾಶ ಆ ಮೂರು ಗಂಟೆಯಲ್ಲಿ ತೇರಿನ ಬೀದಿಯಾಗುತ್ತದೆ. ಇಂಥ ರಾತ್ರಿಗಳಿಗೆ ಮುಂಚೆ ಯಾರನ್ನು ಎಲ್ಲಿ ಕೂರಿಸುವುದು, ಯಾರಿಗೆ ಯಾವಾಗ ಬಿಡುವು ಕೊಡುವುದು, ಪರೀಕ್ಷೆಯಿರುವ ಹುಡುಗನ ಜಾಗಕ್ಕೆ ಯಾರು ಎಂದು ತಲೆ ಕೆಡಿಸಿಕೊಳ್ಳುವ ಒಬ್ಬ ಸಂಯೋಜಕ ಇರುತ್ತಾನೆ. ವಿಮಾನ ಹಾರಿಸಿದವನ ಹೆಸರು ಹೇಳುವವರುಂಟು, ನಿಯಂತ್ರಕನಿಗೆ ಧನ್ಯವಾದ ಹೇಳುವವರೂ ಉಂಟು; ಪಟ್ಟಿ ಬರೆದವನನ್ನು ಕೇಳುವವರಿಲ್ಲ. ನನ್ನ ಮಟ್ಟಿಗೆ ಇಡೀ ಹವ್ಯಾಸದಲ್ಲಿ ಅತಿ ಕಷ್ಟದ ಕೆಲಸ ಅವನದೇ.

ಈ ಜಾತ್ರೆಗಳಲ್ಲಿ ದೊಡ್ಡದು ವ್ಯಾಟ್ಸಿಮ್‌ನ ‘ಕ್ರಾಸ್ ದ ಪಾಂಡ್’, ಕೊಳ ದಾಟುವ ಹಬ್ಬ. ಕೊಳವೆಂದರೆ ಅಟ್ಲಾಂಟಿಕ್ ಮಹಾಸಾಗರ! ಯೂರೋಪು ಮತ್ತು ಅಮೆರಿಕ ಖಂಡದ ಆಯ್ದ ನಿಲ್ದಾಣಗಳ ನಡುವೆ ಒಂದೇ ದಿನ ನೂರಾರು ವಿಮಾನಗಳು ಹೊರಡುತ್ತವೆ. ಯಾವ ನಿಮಿಷಕ್ಕೆ ಯಾರು ನೆಲ ಬಿಡಬೇಕೆಂಬ ಚೀಟಿ ಮೊದಲೇ ಹಂಚಿಕೆಯಾಗಿರುತ್ತದೆ. ನಡುಗಡಲಲ್ಲಿ ನೆಲದ ರೇಡಾರ್ ತಲುಪದು; ಪಶ್ಚಿಮ ರೇಖಾಂಶ 30 ಡಿಗ್ರಿಯ ಈಚೆಗೆ ಷಾನ್‌ವಿಕ್, ಆಚೆಗೆ ಗ್ಯಾಂಡರ್. ಗೊತ್ತಾದ ರೇಖೆಗಳನ್ನು ದಾಟುವಾಗಲೆಲ್ಲ ವಿಮಾನಿಗಳು ಸಮಯ ಒಪ್ಪಿಸಬೇಕು. ಆರೇಳು ಗಂಟೆಯ ಈ ಮೆರವಣಿಗೆ ಮುಗಿಯುವವರೆಗೆ ದಾರಿಯುದ್ದಕ್ಕೂ ಒಬ್ಬರ ಹಿಂದೊಬ್ಬರು ಪಾಳಿ ಬದಲಿಸುತ್ತಲೇ ಇರಬೇಕು. ಒಂದು ಕಡೆ ಪಾಳಿ ತಪ್ಪಿತೋ, ಹಿಂದಿನವರೆಲ್ಲ ಆಕಾಶದಲ್ಲಿ ಗಿರಕಿ ಹೊಡೆಯುತ್ತಾ ಕಾಯಬೇಕು.

ಇದಕ್ಕಿಂತ ಮನಸ್ಸಿಗೆ ಹತ್ತಿರವಾಗುವುದು ‘ವರ್ಲ್ಡ್ ಫ್ಲೈಟ್’. ಮನೆಯ ಗ್ಯಾರೇಜುಗಳಲ್ಲಿ ಪೂರ್ಣ ಗಾತ್ರದ ಕಾಕ್‌ಪಿಟ್ ಕಟ್ಟಿಕೊಂಡ ತಂಡಗಳು, ಸರದಿಯಲ್ಲಿ ನಿದ್ದೆ ಮಾಡುತ್ತಾ, ಒಂದು ವಾರ ಹಗಲಿರುಳು ಭೂಮಿಯನ್ನು ಸುತ್ತಿ, ಅದರ ನೆಪದಲ್ಲಿ ಹಣ ಕೂಡಿಸಿ ಧರ್ಮಕಾರ್ಯಕ್ಕೆ ಕೊಡುತ್ತವೆ. ಆಸ್ಟ್ರೇಲಿಯಾದ ಒಳನಾಡಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ಗೆ ಹೀಗೆ ನೆರವು ಹೋಗಿದೆ. ಆ ತಂಡಗಳ ಬೆನ್ನಿಗೆ ಬೇರೆ ಹವ್ಯಾಸಿಗಳ ದಂಡೂ ಇರುತ್ತದೆ. ಅಲೆ ತಲುಪುವ ಊರಿನಲ್ಲಿ ಅದು ಬೆಳಗಿನ ಜಾವ ಮೂರಾದರೂ ಸರಿಯೇ, ಅಲ್ಲಿನವರು ಅಲಾರಾಂ ಇಟ್ಟು ಎದ್ದು ಬಂದು, ಒಂದು ಗಂಟೆಯ ಸುಗ್ಗಿ ಮುಗಿಸಿ, ಮತ್ತೆ ಮಲಗುತ್ತಾರೆ.

ಒಬ್ಬನೇ ಕುಳಿತ ರಾತ್ರಿ

ಇಷ್ಟೆಲ್ಲ ಕೇಳಿದವರಿಗೆ ನಗು ಬರಬಹುದು. ಈ ಆಟದಲ್ಲಿ ನಿಯಂತ್ರಕ ತಪ್ಪಿದರೂ ಏನೂ ಆಗುವುದಿಲ್ಲ. ಎರಡು ವಿಮಾನಗಳು ಸಾಮಾನ್ಯವಾಗಿ ಒಂದರೊಳಗೊಂದು ಭೂತದಂತೆ ಹಾದುಹೋಗುತ್ತವೆ. ಅಪಹರಣದ ನಾಟಕವಾಡುವುದಕ್ಕೆ ಮಾತ್ರ ವ್ಯಾಟ್ಸಿಮ್‌ನಲ್ಲಿ ನಿಷೇಧವಿದೆ.

ನಿಜದ ಆಕಾಶದಲ್ಲಿ ಕುರ್ಚಿ ಖಾಲಿ ಬಿಟ್ಟರೆ ಏನಾಗುತ್ತದೆಂಬುದಕ್ಕೆ 2002ರ ಜುಲೈ 1ರ ರಾತ್ರಿ ಸಾಕ್ಷಿ. ಜರ್ಮನಿಯ ದಕ್ಷಿಣ ತುದಿಯ ಊಬರ್‌ಲಿಂಗೆನ್ ಪಟ್ಟಣದ ಮೇಲಿನ ಆಕಾಶವನ್ನು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಿಂದ ನೋಡಿಕೊಳ್ಳುತ್ತಿದ್ದರು. ಪಾಳಿಯಲ್ಲಿ ಇಬ್ಬರಿದ್ದರು, ರಾತ್ರಿ ದಟ್ಟಣೆ ಕಡಿಮೆಯೆಂದು ಒಬ್ಬರು ವಿಶ್ರಾಂತಿಗೆ ಹೋಗುವುದು ಅಲ್ಲಿ ರೂಢಿಯಾಗಿತ್ತು. ಉಳಿದ ಒಬ್ಬರೇ ಎರಡು ಪರದೆಗಳನ್ನು ನೋಡಬೇಕಾಯಿತು. ಅದೇ ರಾತ್ರಿ ದುರಸ್ತಿಯ ಕಾರಣ ಎಚ್ಚರಿಕೆ ಕೊಡುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ, ಮುಖ್ಯ ದೂರವಾಣಿ ಮಾರ್ಗವೂ ಇರಲಿಲ್ಲ. ತಡವಾಗಿ ಬಂದ ಇನ್ನೊಂದು ವಿಮಾನವನ್ನು ಇಳಿಸುವ ಗಡಿಬಿಡಿಯಲ್ಲಿ ಅವರಿದ್ದಾಗ, ರಷ್ಯಾದ ಪ್ರಯಾಣಿಕ ವಿಮಾನವೂ ಒಂದು ಸರಕು ವಿಮಾನವೂ ಒಂದೇ ಎತ್ತರದಲ್ಲಿ ಎದುರಾದವು. 71 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2007ರಲ್ಲಿ ಅಲ್ಲಿನ ನ್ಯಾಯಾಲಯ ನಿಯಂತ್ರಣ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಹವ್ಯಾಸಿ ಜಾಲದಲ್ಲಿ ಒಬ್ಬನೇ ನಾಲ್ಕು ಕುರ್ಚಿ ನಿಭಾಯಿಸಿದರೆ ಶಹಬ್ಬಾಸ್ ಸಿಗುತ್ತದೆ. ನಿಜದ ಆಕಾಶದಲ್ಲಿ ಹಾಗೆ ನಿಭಾಯಿಸಬೇಕಾಗಿ ಬಂದದ್ದೇ ಅಪಾಯ. ಅಲ್ಲಿ ಪಾಳಿ ಎಷ್ಟು ಉದ್ದವಿರಬಹುದು, ನಡುವೆ ಎಷ್ಟು ಬಿಡುವು ಬೇಕು ಎಂಬುದಕ್ಕೆಲ್ಲ ನಿಯಮಗಳಿರುವುದು ಅದಕ್ಕೇ. ಹನ್ನೆರಡು ವಿಮಾನಗಳು ಒಟ್ಟಿಗೆ ಕರೆದಾಗ ನಾಲಿಗೆ ತೊಡರುವುದು, ಎರಡನೆಯ ಗಂಟೆ ದಾಟಿದೊಡನೆ ಅಂಕಿಗಳು ಅದಲುಬದಲಾಗುವುದು, ಇವನ್ನು ಆಟದಲ್ಲೇ ಅನುಭವಿಸಿದವನಿಗೆ ಆ ನಿಯಮಗಳು ಯಾಕಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈ ತಿಳಿವಳಿಕೆ ಬೇರೆ ಯಾವ ಕಂಪ್ಯೂಟರ್ ಆಟದಿಂದ ಬಂದೀತು?

ಹಾಗೆಂದು ಈ ಅನುಭವ ನೌಕರಿಗೆ ಅರ್ಹತೆಯಾದೀತೆಂದು ಭ್ರಮಿಸುವುದು ಬೇಡ. ನಮ್ಮಲ್ಲಿ ನಿಯಂತ್ರಕರನ್ನು ನೇಮಿಸಿಕೊಳ್ಳುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಭೌತಶಾಸ್ತ್ರ ಮತ್ತು ಗಣಿತ ಓದಿದ ಪದವೀಧರರು ಅಥವಾ ಎಂಜಿನಿಯರುಗಳು ಪರೀಕ್ಷೆ ಪಾಸು ಮಾಡಿ, 1948ರಲ್ಲಿ ಆರಂಭವಾದ ಪ್ರಯಾಗ್‌ರಾಜ್‌ನ ತರಬೇತಿ ಕಾಲೇಜಿನಂಥ ಕಡೆ ಕಲಿಯಬೇಕು. ಆಟದ ಗಂಟೆಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ರೇಡಿಯೊ ಮಾತಿನ ಗತ್ತು ಮಾತ್ರ ಮೊದಲೇ ಕಿವಿಗೆ ಬಿದ್ದಿರುತ್ತದೆ, ಅಷ್ಟೆ.

ಆಸಕ್ತಿ ಇದ್ದವರು ಯೂರೋಪಿನ ದಾರಿಯನ್ನು ಆಮೇಲೆ ಹಿಡಿಯಲಿ. ಒಂದು ಭಾನುವಾರ ಬೆಂಗಳೂರಿನಿಂದ ಮೈಸೂರಿಗೆ ಪುಟ್ಟ ಎಟಿಆರ್ ವಿಮಾನವೊಂದನ್ನು ಹಾರಿಸಿ ನೋಡಬಹುದು. ಮಂಡಕಳ್ಳಿಯ ಗೋಪುರದಲ್ಲಿ ಬಹುಶಃ ಯಾರೂ ಇರುವುದಿಲ್ಲ. ಮೇಲೆ ಸೆಂಟರ್ ಇದ್ದರೆ ಅವರೇ ಇಳಿಸುತ್ತಾರೆ. ಅದೂ ಇಲ್ಲದಿದ್ದರೆ 122.8 ಮೆಗಾಹರ್ಟ್ಸ್‌ಗೆ ತಿರುಗಿಸಿ, ನಾನು ಇಂಥ ಕಡೆಯಿಂದ ಬರುತ್ತಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಇಳಿಯುತ್ತಿದ್ದೇನೆ ಎಂದು ಸುತ್ತಮುತ್ತಲಿನ ವಿಮಾನಗಳಿಗೆ ತಾವೇ ಸಾರಿ ಇಳಿಯಬೇಕು.