ಬಹುರಾಷ್ಟ್ರ ರೈಲು ಪ್ರಯಾಣವೂ ಸಂಧಿಸ್ಥಾನದ ಹೊಣೆಯೂ

ಲಂಡನ್ನಿನಿಂದ ಇಸ್ತಾನ್‌ಬುಲ್ ನಗರದವರೆಗೆ ರೈಲಿನಲ್ಲಿಯೇ ಹೋಗಬಹುದೆ, ಹೋಗುವುದಾದರೆ ಗಾಡಿಗಳನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂದು ನಮ್ಮ ವಾಚಕರಲ್ಲಿ ಕೆಲವರು ವಿಚಾರಿಸುವುದುಂಟು. ಮಕ್ಕಳು ವಿಲಾಯಿತಿಯಲ್ಲಿ ಉದ್ಯೋಗದಲ್ಲಿರುವ ನಿವೃತ್ತ ಅಧಿಕಾರಿಗಳೂ, ಯೂರೋಪು ಖಂಡವನ್ನು ಒಮ್ಮೆ ನೆಲದ ಮೇಲಿನಿಂದಲೇ ಕಾಣಬೇಕೆಂಬ ಆಸೆಯುಳ್ಳ ವರ್ತಕರೂ ಉಪಾಧ್ಯಾಯರೂ ಇವರಲ್ಲಿ ಸೇರಿದ್ದಾರೆ. ಅವಶ್ಯವಾಗಿ ಹೋಗಬಹುದೆಂಬುದೇ ನಮ್ಮ ಉತ್ತರ. ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಭೂಪಟದಲ್ಲಿ ಒಂದೇ ಗೆರೆಯಾಗಿ ತೋರುವ ಈ ಮಾರ್ಗವು ಎಂಟು ರಾಷ್ಟ್ರಗಳನ್ನು ಹಾದುಹೋಗುತ್ತದೆ. ಆ ಎಂಟಕ್ಕೂ ಸೇರಿ ಒಂದು ಗಾಡಿಯಿಲ್ಲ, ಒಂದು ಟಿಕೇಟಿಲ್ಲ, ಒಂದು ಗಡಿಯಾರವೂ ಇಲ್ಲ. ಇಂಥ ಪ್ರಯಾಣ ಕೆಡುವುದು ಬಹುತೇಕ ಒಂದು ಗಾಡಿಯಿಂದಿಳಿದು ಇನ್ನೊಂದನ್ನು ಹಿಡಿಯತಕ್ಕ ಸಂಧಿಸ್ಥಾನಗಳಲ್ಲಿ. ಆದುದರಿಂದ ಸಂಧಿಗಳನ್ನು ಮೊದಲು ಭದ್ರಪಡಿಸಿ ಆಮೇಲೆ ಗಾಡಿಗಳನ್ನು ಆರಿಸುವುದೇ ವಿವೇಕವೆಂಬುದನ್ನೂ, ಆ ಸಂಧಿಗಳ ಹೊಣೆ ನ್ಯಾಯವಾಗಿ ಯಾರದೆಂಬುದನ್ನೂ ಇಲ್ಲಿ ವಿಚಾರಮಾಡುವೆವು.

ಈ ತೊಡಕು ಹೊಸದಲ್ಲ. ಬೆಲ್ಜಿಯಂ ದೇಶದ ಜಾರ್ಜ್ ನಾಗಲ್‌ಮಾಕರ್ಸ್ ಎಂಬಾತನು ಏರ್ಪಡಿಸಿದ ಓರಿಯಂಟ್ ಎಕ್ಸ್‌ಪ್ರೆಸ್ 1883ನೆಯ ಅಕ್ಟೋಬರ್ 4ರಂದು ಪ್ಯಾರಿಸಿನಿಂದ ಹೊರಟಾಗ, ಹಳಿಯು ಇಸ್ತಾನ್‌ಬುಲ್‌ವರೆಗೆ ಮುಟ್ಟಿರಲಿಲ್ಲ. ಪ್ರಯಾಣಿಕರು ಜುರ್ಜು ಎಂಬಲ್ಲಿ ಇಳಿದು, ಡ್ಯಾನ್ಯೂಬ್ ನದಿಯನ್ನು ದೋಣಿಯಲ್ಲಿ ದಾಟಿ, ಆಚೆಯ ದಡದ ರೂಸೆಯಲ್ಲಿ ಬೇರೊಂದು ಗಾಡಿ ಹತ್ತಿ, ವಾರ್ನಾ ಬಂದರಿನಿಂದ ಹಡಗಿನಲ್ಲಿ ಸಾಗಬೇಕಾಗಿತ್ತು. ಸಂಧಿಗಳು ಆಗಲೂ ಇದ್ದುವು. ಆದರೆ ಅವುಗಳನ್ನು ಕೂಡಿಸುವ ಹೊಣೆ ಕಂಪೆನಿಯದಾಗಿತ್ತು. 1889ರಲ್ಲಿ ಹಳಿ ಅಖಂಡವಾಯಿತು. ಪ್ಯಾರಿಸಿನಿಂದ ಇಸ್ತಾನ್‌ಬುಲ್ಲಿಗೆ ಹೋಗುತ್ತಿದ್ದ ನೇರ ಗಾಡಿ 1977ರಲ್ಲಿ ನಿಂತುಹೋಯಿತು. ಇಂದು ಹಳಿಯೂ ಸೇತುವೆಯೂ ಸುರಂಗವೂ ಇವೆ. ಇವನ್ನೆಲ್ಲ ಒಂದುಗೂಡಿಸುವ ಕೆಲಸ ಮಾತ್ರ ಪ್ರಯಾಣಿಕನ ಪಾಲಿಗೆ ಬಂದಿದೆ.

ಈಗಿನ ದಾರಿ ಸ್ಥೂಲವಾಗಿ ಹೀಗಿದೆ. ಲಂಡನ್ನಿನ ಸೇಂಟ್ ಪಾಂಕ್ರಸ್ ನಿಲ್ದಾಣದಿಂದ ಯೂರೋಸ್ಟಾರ್ ಗಾಡಿಯು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಪ್ಯಾರಿಸಿನ ಗಾರ್ ದ್ಯು ನೋರ್ ನಿಲ್ದಾಣವನ್ನು ಸೇರುತ್ತದೆ. ಜರ್ಮನಿಯ ಗಾಡಿಗಳು ಹೊರಡುವುದು ಬೇರೊಂದು ನಿಲ್ದಾಣವಾದ ಗಾರ್ ದ ಲೆಸ್ತ್‌ನಿಂದ. ನಡಿಗೆಯಲ್ಲಿ ಹತ್ತು ನಿಮಿಷಗಳ ದೂರ. ಅಲ್ಲಿಂದ ಮ್ಯೂನಿಕ್ಕಿಗೆ ನೇರವಾಗಿಯೋ ಸ್ಟುಟ್‌ಗಾರ್ಟಿನಲ್ಲಿ ಬದಲಿಸಿಯೋ ಹೋಗಿ ರಾತ್ರಿ ತಂಗಬಹುದು. ಮರುದಿನ ಮ್ಯೂನಿಕ್ಕಿನಿಂದ ವಿಯೆನ್ನಾ ಮಾರ್ಗವಾಗಿ ಬುಡಾಪೆಸ್ಟಿಗೆ ಸುಮಾರು ಏಳು ಗಂಟೆಗಳ ಹಾದಿ. ಬುಡಾಪೆಸ್ಟಿನಿಂದ ರಾತ್ರಿಯ ಗಾಡಿಯು ಮರುದಿನ ರುಮೇನಿಯದ ರಾಜಧಾನಿಯಾದ ಬುಕಾರೆಸ್ಟಿಗೆ ತಲುಪಿಸುತ್ತದೆ. ಬುಕಾರೆಸ್ಟಿನಿಂದ ಇಸ್ತಾನ್‌ಬುಲ್ಲಿಗೆ ನೇರ ಬೋಗಿ ಸಾಮಾನ್ಯವಾಗಿ ಬೇಸಗೆಯ ತಿಂಗಳುಗಳಲ್ಲಿ ಮಾತ್ರ ಉಂಟು. ಉಳಿದ ಕಾಲದಲ್ಲಿ ಬಲ್ಗೇರಿಯದೊಳಗೆ ಮತ್ತೆ ಮತ್ತೆ ಗಾಡಿ ಬದಲಿಸಬೇಕು. ತುರ್ಕಿಯ ಗಡಿಯಾದ ಕಾಪಿಕುಲೆಯಲ್ಲಿ ನಡುರಾತ್ರಿ ಎಲ್ಲರೂ ಇಳಿದು ರಹದಾರಿ ತೋರಿಸಬೇಕಾಗುತ್ತದೆ. ಕೊನೆಗೆ ಗಾಡಿ ನಿಲ್ಲುವುದೂ ನಗರದ ಪಶ್ಚಿಮದಂಚಿನ ಹಲ್ಕಾಲಿಯಲ್ಲಿ. ಹಳೆಯ ಓರಿಯಂಟ್ ಎಕ್ಸ್‌ಪ್ರೆಸ್ ನಿಲ್ಲುತ್ತಿದ್ದ ಸಿರ್ಕೇಜಿಗೆ ಅಲ್ಲಿಂದ ಮರ್ಮರಾಯ್ ಎಂಬ ನಗರದ ರೈಲಿನಲ್ಲಿ ಹೋಗಬೇಕು.

ಇದನ್ನು ಯೋಜಿಸುವ ಕ್ರಮವೇನು? ಹೆಚ್ಚಿನವರು ಮೊದಲ ಗಾಡಿಯಿಂದ ಆರಂಭಿಸಿ ಮುಂದಕ್ಕೆ ಲೆಕ್ಕ ಹಾಕುತ್ತಾರೆ. ನಮ್ಮ ಸಲಹೆ ಇದಕ್ಕೆ ವಿರುದ್ಧವಾದುದು. ಇಡೀ ದಾರಿಯಲ್ಲಿ ಅತ್ಯಂತ ವಿರಳವಾದ ಗಾಡಿ ಯಾವುದೆಂದು ನೋಡಿ, ಅದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಬರತಕ್ಕದ್ದು. ಇಲ್ಲಿ ಅಂಥದು ಬುಕಾರೆಸ್ಟಿನಿಂದ ಇಸ್ತಾನ್‌ಬುಲ್ಲಿಗೆ ಹೋಗುವ ಗಾಡಿ. ಅದರ ಹಿಂದೆ ಬುಡಾಪೆಸ್ಟಿನ ರಾತ್ರಿ ಗಾಡಿ. ಮ್ಯೂನಿಕ್ಕಿನಿಂದ ವಿಯೆನ್ನಾಕ್ಕೆ ದಿನಕ್ಕೆ ಹಲವು ಗಾಡಿಗಳಿರುವುದರಿಂದ ಅದನ್ನು ಕೊನೆಯಲ್ಲಿ ಗೊತ್ತುಮಾಡಿದರೂ ಸಾಕು. ಸಂಧಿಯಲ್ಲಿ ಬಿಡತಕ್ಕ ಕಾಲವೂ ಇದೇ ನಿಯಮವನ್ನು ಅನುಸರಿಸಬೇಕು. ತಪ್ಪಿದರೆ ಒಂದು ಗಂಟೆಯಲ್ಲಿ ಇನ್ನೊಂದು ಗಾಡಿ ಉಂಟೆನ್ನುವಲ್ಲಿ ಅರ್ಧ ಗಂಟೆ ಸಾಕು; ಮರುದಿನದವರೆಗೆ ಬೇರೆ ಗಾಡಿಯಿಲ್ಲವೆನ್ನುವಲ್ಲಿ ಮೂರು ಗಂಟೆಯಾದರೂ ಬೇಕು, ಒಂದು ರಾತ್ರಿಯ ತಂಗುವಿಕೆ ಇನ್ನೂ ಲೇಸು. ಜರ್ಮನಿಯ ರೈಲು ಎಂದರೆ ನಿಮಿಷ ತಪ್ಪದೆಂದು ನಮ್ಮ ಹಿರಿಯರು ನಂಬಿದ್ದರು. 2024ರಲ್ಲಿ ಆ ದೇಶದ ದೂರಪ್ರಯಾಣದ ಗಾಡಿಗಳಲ್ಲಿ ಆರು ನಿಮಿಷಗಳಿಗಿಂತ ಕಡಮೆ ವಿಳಂಬದಲ್ಲಿ ಸೇರಿದುವು ನೂರಕ್ಕೆ 62.5 ಮಾತ್ರ. ಕಡೆಯ ಗಾಡಿ ಇಳಿಯುವ ದಿನವೇ ಸ್ವದೇಶದ ವಿಮಾನವನ್ನು ಗೊತ್ತುಮಾಡುವವರಿಗೆ, ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಾಣ್ಣುಡಿಯನ್ನು ನೆನಪಿಗೆ ತರುತ್ತೇವೆ.

ವೇಳಾಪಟ್ಟಿಯನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಯೂರೋಪಿನ ವೇಳಾಪಟ್ಟಿಗಳು ಪ್ರತಿವರ್ಷವೂ ಡಿಸೆಂಬರಿನ ಎರಡನೆಯ ಭಾನುವಾರದ ಸುಮಾರಿಗೆ ಬದಲಾಗುತ್ತವೆ. ಪ್ಯಾರಿಸಿನಿಂದ ವಿಯೆನ್ನಾಕ್ಕೆ ರಾತ್ರಿಯ ಗಾಡಿಯೊಂದು 2021ರ ಡಿಸೆಂಬರಿನಲ್ಲಿ ಪುನಃ ಆರಂಭವಾಗಿ, 2025ರ ಡಿಸೆಂಬರಿನಲ್ಲಿ ನಿಂತಿತು. ಹಳೆಯ ಪುಸ್ತಕವನ್ನು ನಂಬಿದವನಿಗೆ ದಾರಿಯ ಮೊದಲ ಕೊಂಡಿಯೇ ಕಳಚುತ್ತದೆ. ಗಡಿಯಾರಗಳ ವಿಷಯವೂ ಹೀಗೆಯೇ. ಲಂಡನ್ನಿಗಿಂತ ಪ್ಯಾರಿಸು ಒಂದು ಗಂಟೆ ಮುಂದು, ಬುಕಾರೆಸ್ಟು ಎರಡು ಗಂಟೆ ಮುಂದು. ತುರ್ಕಿಯು 2016ರಿಂದ ವರ್ಷವಿಡೀ ಒಂದೇ ಕಾಲವನ್ನು ಪಾಲಿಸುತ್ತಿರುವುದರಿಂದ, ಬಲ್ಗೇರಿಯದ ಗಡಿಯಲ್ಲಿ ಬೇಸಗೆಯಲ್ಲಿ ಗಡಿಯಾರ ತಿರುಗಿಸಬೇಕಾಗಿಲ್ಲ. ಚಳಿಗಾಲದಲ್ಲಿ ಒಂದು ಗಂಟೆ ಮುಂದಿಡಬೇಕು.

ಭಾರತೀಯ ಪ್ರಜೆಯು ಇವೆಲ್ಲಕ್ಕೂ ಮೊದಲು ವೀಸಾಗಳನ್ನು ಹೊಂದಿಸಿಕೊಳ್ಳಬೇಕು. ಬ್ರಿಟನ್ನಿಗೆ ಒಂದು, ಷೆಂಗೆನ್ ರಾಷ್ಟ್ರಗಳಿಗೆ ಒಂದು, ತುರ್ಕಿಗೆ ಇನ್ನೊಂದು. ರುಮೇನಿಯ ಬಲ್ಗೇರಿಯಗಳ ಭೂಗಡಿಗಳು 2025ರ ಜನವರಿ 1ರಿಂದ ಷೆಂಗೆನ್ ವ್ಯವಸ್ಥೆಗೆ ಸೇರಿದುದರಿಂದ, ನಾವು ಹೇಳಿದ ದಾರಿಯಲ್ಲಿ ಫ್ರಾನ್ಸಿನಿಂದ ತುರ್ಕಿಯ ಗಡಿಯವರೆಗೆ ಒಂದೇ ಪ್ರವೇಶ ಸಾಕು. ನಡುವೆ ಸೆರ್ಬಿಯವನ್ನು ನೋಡಿಬರುವೆವೆಂದರೆ ಷೆಂಗೆನ್ನಿನಿಂದ ಹೊರಬಿದ್ದಂತಾಗುತ್ತದೆ. ಏಕಪ್ರವೇಶದ ವೀಸಾ ಉಳ್ಳವನು ಮರಳಿ ಒಳಗೆ ಬರಲಾರನು. ಪ್ಯಾರಿಸಿಗೆ ಹೋಗುವವರ ರಹದಾರಿಯನ್ನು ಫ್ರೆಂಚ್ ಅಧಿಕಾರಿಗಳು ಲಂಡನ್ನಿನ ನಿಲ್ದಾಣದಲ್ಲಿಯೇ ಪರೀಕ್ಷಿಸುತ್ತಾರೆ. ಒಂದೂವರೆ ಗಂಟೆ ಮೊದಲೇ ಅಲ್ಲಿರುವುದು ಯುಕ್ತ.

ಇನ್ನು ಹಣದ ಮಾತು. ಮುಂಗಡವಾಗಿ ಕೊಳ್ಳುವ ಅಗ್ಗದ ಟಿಕೇಟುಗಳು ಸಾಮಾನ್ಯವಾಗಿ ನಮೂದಿಸಿದ ಒಂದೇ ಗಾಡಿಗೆ ಸಲ್ಲುತ್ತವೆ. ಹಿಂದಿನ ಗಾಡಿ ತಡವಾಗಿ ಮುಂದಿನದು ತಪ್ಪಿದರೆ ಗತಿಯೇನು? ಯೂರೋಪ್ ಒಕ್ಕೂಟವು 2021ರಲ್ಲಿ ಅಂಗೀಕರಿಸಿ 2023ರ ಜೂನ್ 7ರಿಂದ ಜಾರಿಗೆ ತಂದ ಪ್ರಯಾಣಿಕರ ಹಕ್ಕುಗಳ ಕಾನೂನು ಇದಕ್ಕೆ ಉತ್ತರ ಹೇಳುತ್ತದೆ. ಇಡೀ ಪ್ರಯಾಣ ಒಂದೇ ಕರಾರಿನ ಅಖಂಡ ಟಿಕೇಟಾಗಿದ್ದರೆ, ಗಮ್ಯಸ್ಥಾನಕ್ಕೆ ಒಂದು ಗಂಟೆಗೂ ಮೀರಿ ತಡವಾಗುವಂತಿದ್ದಲ್ಲಿ ಪ್ರಯಾಣಿಕನು ಹಣ ಹಿಂದಕ್ಕೆ ಪಡೆಯಬಹುದು, ಇಲ್ಲವೆ ಬೇರೆ ಗಾಡಿಯಲ್ಲಿ ಮುಂದುವರಿಯಬಹುದು. ಅಸಾಧಾರಣ ಕಾರಣಗಳನ್ನು ಬಿಟ್ಟು, ಒಂದು ಗಂಟೆಯ ವಿಳಂಬಕ್ಕೆ ದರದ ನೂರಕ್ಕೆ 25ರಷ್ಟು, ಎರಡು ಗಂಟೆಗೆ ನೂರಕ್ಕೆ 50ರಷ್ಟು ಪರಿಹಾರವೂ ಉಂಟು. ಬಿಡಿ ಬಿಡಿಯಾಗಿ ಕೊಂಡ ಟಿಕೇಟುಗಳಾದರೆ ಒಂದೊಂದೂ ಒಂದೊಂದು ಕರಾರು; ತಪ್ಪಿದ ಮುಂದಿನ ಗಾಡಿಯ ನಷ್ಟ ಪ್ರಯಾಣಿಕನದೇ. ಕೆಲವು ರೈಲ್ವೆಗಳು ತಮ್ಮೊಳಗಣ ಒಡಂಬಡಿಕೆಯಂತೆ ಮುಂದಿನ ಗಾಡಿಯಲ್ಲಿ ಕೂರಗೊಡುವುದುಂಟು. ಆದುದರಿಂದ ವಿಳಂಬವಾದೊಡನೆ ಗಾಡಿಯ ಅಧಿಕಾರಿಯಿಂದ ಬರೆಹದಲ್ಲಿ ದಾಖಲೆ ಪಡೆಯತಕ್ಕದ್ದು. 1959ರಿಂದ ಯೂರೋಪಿನ ಹೊರಗಿನವರಿಗಾಗಿ ನಡೆದುಬಂದಿರುವ ಯೂರೇಲ್ ಪಾಸು ತುರ್ಕಿಯೂ ಸೇರಿ 33 ದೇಶಗಳಲ್ಲಿ ಸಲ್ಲುವುದರಿಂದ, ಒಂದು ಗಾಡಿ ತಪ್ಪಿದರೂ ಟಿಕೇಟು ಸಾಯುವುದಿಲ್ಲ. ಆದರೆ ರಾತ್ರಿ ಗಾಡಿಗಳಿಗೂ ಯೂರೋಸ್ಟಾರಿಗೂ ಪ್ರತ್ಯೇಕವಾಗಿ ಜಾಗ ಕಾದಿರಿಸಬೇಕು.

ಇಲ್ಲಿಯೇ ಸಾರ್ವಜನಿಕ ಪ್ರಶ್ನೆಯೊಂದು ಅಡಗಿದೆ. ಹುಬ್ಬಳ್ಳಿಯಲ್ಲಿ ಹತ್ತಿ ಗುಂತಕಲ್ಲಿನಲ್ಲಿ ಗಾಡಿ ಬದಲಿಸುವ ನಮ್ಮವನಿಗೆ ಎರಡು ಕಡೆಯೂ ಒಂದೇ ಆಡಳಿತ ಸಿಕ್ಕುತ್ತದೆ. ಹಿಂದಿನ ಗಾಡಿ ತಡವಾಗಿ ಮುಂದಿನದು ತಪ್ಪಿದರೆ, ಎರಡು ಟಿಕೇಟುಗಳನ್ನು ಮೊದಲೇ ಜೋಡಿಸಿದ್ದಲ್ಲಿ, ಪ್ರಯಾಣ ಮಾಡದ ಭಾಗದ ಹಣವನ್ನು ಕಡಿತವಿಲ್ಲದೆ ಹಿಂದಿರುಗಿಸುವ ನಿಯಮ ಭಾರತೀಯ ರೈಲ್ವೆಯಲ್ಲಿ 2019ರ ಏಪ್ರಿಲ್ 1ರಿಂದ ಬಂದಿದೆ. ಅವನಿಗೆ ಮುಂದಿನ ಗಾಡಿಯಲ್ಲಿ ಜಾಗ ಕೊಡುವುದಿಲ್ಲವೆಂಬ ಕೊರತೆ ಉಳಿದಿದ್ದರೂ, ಸಂಧಿಯ ಹೊಣೆಯನ್ನು ಆಡಳಿತವು ಅಷ್ಟರಮಟ್ಟಿಗಾದರೂ ಒಪ್ಪಿದೆ. ಗಡಿಯಾಚೆಯ ವಿಷಯದಲ್ಲಿಯೂ ನಮಗೆ ಹಳೆಯ ಅನುಭವವುಂಟು. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ, ಮದರಾಸಿನಿಂದ ಧನುಷ್ಕೋಟಿಗೆ ರೈಲು, ತಲೈಮನ್ನಾರಿಗೆ ಹಡಗು, ಅಲ್ಲಿಂದ ಕೊಲಂಬೊಗೆ ಪುನಃ ರೈಲು, ಇವೆಲ್ಲಕ್ಕೂ ಒಂದೇ ಟಿಕೇಟು ದೊರೆಯುತ್ತಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ನುಂಗಿತು. 2008ರ ಏಪ್ರಿಲ್ 14ರಂದು ಆರಂಭವಾದ ಕಲ್ಕತ್ತೆ-ಢಾಕಾ ಮೈತ್ರೀ ಎಕ್ಸ್‌ಪ್ರೆಸ್ಸಿನಲ್ಲಿ, 2017ರಿಂದ ರಹದಾರಿ ಸುಂಕಗಳ ಪರೀಕ್ಷೆಯನ್ನು ನಡುಗಡಿಯಿಂದ ಎರಡು ಕೊನೆಯ ನಿಲ್ದಾಣಗಳಿಗೆ ಸಾಗಿಸಿದ್ದರಿಂದ ಪ್ರಯಾಣಿಕರಿಗೆ ಗಂಟೆಗಳೇ ಉಳಿದುವು. ಆ ಗಾಡಿ 2024ರ ಜುಲೈಯಲ್ಲಿ ಸ್ಥಗಿತವಾಯಿತು.

ಇವುಗಳಿಂದ ತಿಳಿಯುವುದಿಷ್ಟೆ. ಹಳಿಗಳನ್ನು ಕೂಡಿಸುವುದು ಎಂಜಿನಿಯರರ ಕೆಲಸ; ಟಿಕೇಟುಗಳನ್ನೂ ಗಡಿಗಳನ್ನೂ ಕೂಡಿಸುವುದು ಸರ್ಕಾರಗಳ ಕೆಲಸ. ಹಣವಂತನು ತಪ್ಪಿದ ಗಾಡಿಗೆ ಬದಲಾಗಿ ವಿಮಾನ ಹತ್ತಿಯಾನು. ಪಿಂಚಣಿಯಲ್ಲಿ ಉಳಿಸಿ ಹೊರಟವನಿಗೆ ಒಂದು ಸಂಧಿ ತಪ್ಪಿದರೆ ಇಡೀ ಯಾತ್ರೆಯ ಲೆಕ್ಕವೇ ತಪ್ಪುತ್ತದೆ. ಯೂರೋಪಿನ ರಾಷ್ಟ್ರಗಳು ಎಲ್ಲ ರೈಲ್ವೆಗಳಿಗೂ ಸಲ್ಲುವ ಅಖಂಡ ಟಿಕೇಟನ್ನು ಹಕ್ಕನ್ನಾಗಿ ಮಾಡುವುದು ಉಚಿತ. ನೆರೆಯ ದೇಶಗಳೊಡನೆ ನಮ್ಮ ರೈಲು ಸಂಬಂಧಗಳು ಮರಳಿ ಬೆಳೆಯುವಾಗ ನಮ್ಮ ಸರ್ಕಾರವೂ ಮೊದಲ ದಿನದಿಂದಲೇ ಹಾಗೆ ಮಾಡತಕ್ಕದ್ದು. ಅಲ್ಲಿಯವರೆಗೆ ವಾಚಕರು ವೇಗದ ಗಾಡಿಯನ್ನು ಹುಡುಕುವುದಕ್ಕಿಂತ ಬಿಡುವಿನ ಸಂಧಿಯನ್ನು ಹುಡುಕುವುದೇ ಕ್ಷೇಮಕರ.